ಸೂಜಿಯ ವಿದ್ಯೆಯನ್ನು ಗ್ರಂಥವಾಗಿಸಿದ ತೆರೇಸ್ ಡಿ ಡಿಲ್ಮಾಂಟ್

ಲೋಕದಲ್ಲಿ ವಿದ್ಯೆಗಳು ಎರಡು ಬಗೆ. ಒಂದು, ಗುರುವಿನ ಬಾಯಿಂದ ಕೇಳಿ ಕಲಿಯುವ ವಿದ್ಯೆ. ಇನ್ನೊಂದು, ಗುರುವಿನ ಕೈ ನೋಡಿ ಕಲಿಯುವ ವಿದ್ಯೆ. ಮೊದಲನೆಯದಕ್ಕೆ ಗ್ರಂಥಗಳು ಹೇರಳವಾಗಿವೆ. ವ್ಯಾಕರಣಕ್ಕೆ, ಗಣಿತಕ್ಕೆ, ಜ್ಯೋತಿಷ್ಯಕ್ಕೆ, ವೈದ್ಯಕ್ಕೆ ನಮ್ಮ ಹಿರಿಯರು ತಾಳೆಗರಿಯ ಕಾಲದಿಂದಲೂ ಗ್ರಂಥ ಬರೆದಿದ್ದಾರೆ. ಎರಡನೆಯದಕ್ಕೆ ಗ್ರಂಥಗಳು ವಿರಳ. ಅದರಲ್ಲಿಯೂ ಹೆಣ್ಣುಮಕ್ಕಳು ಮನೆಯ ಪಡಸಾಲೆಯಲ್ಲಿ ಕುಳಿತು ಮಾಡುವ ಹೊಲಿಗೆ, ಹೆಣಿಗೆ, ಕಸೂತಿಗಳನ್ನು ವಿದ್ಯೆಯೆಂದು ಕರೆಯುವುದಕ್ಕೇ ಲೋಕವು ಬಹುಕಾಲ ಹಿಂಜರಿಯಿತು. ತಾಯಿ ಮಗಳಿಗೆ ತೋರಿಸಿಕೊಟ್ಟಳು. ಮಗಳು ಮೊಮ್ಮಗಳಿಗೆ ತೋರಿಸಿಕೊಟ್ಟಳು. ತೋರಿಸುವವರು ಇಲ್ಲದ ಮನೆಯಲ್ಲಿ ವಿದ್ಯೆಯೂ ಇಲ್ಲವಾಯಿತು.

ಈ ಕೊರತೆಯನ್ನು ಕಂಡುಕೊಂಡು, ಸೂಜಿಯಿಂದಲೂ ಕಡ್ಡಿಯಿಂದಲೂ ಮಾಡುವ ಎಲ್ಲ ಕೆಲಸಗಳನ್ನು ಒಂದೇ ಗ್ರಂಥದಲ್ಲಿ ಅಡಕಮಾಡಿ, ಕಲಿಸುವವರಿಲ್ಲದ ಮನೆಗೂ ಈ ವಿದ್ಯೆಯನ್ನು ತಲುಪಿಸಿದ ಮಹಿಳೆ ತೆರೇಸ್ ಡಿ ಡಿಲ್ಮಾಂಟ್. ಹೆಣಿಗೆ, ಕ್ರೋಶಾ, ಕಸೂತಿಗಳಲ್ಲಿ ಆಸಕ್ತಿಯುಳ್ಳವರಿಗೆ ಜಗತ್ತಿನಾದ್ಯಂತ ಪರಿಚಿತವಾದ ಹೆಸರು ಇದು. ಆದರೆ ಆ ಹೆಸರಿನ ಹಿಂದೆ ಇದ್ದ ವ್ಯಕ್ತಿಯನ್ನು ಅರಿತವರು ಸ್ವಲ್ಪ ಮಂದಿ. ಕೇವಲ 43 ವರ್ಷ ಬದುಕಿದ ಈ ಮಹಿಳೆಯ ಜೀವನದಲ್ಲಿ ನಮ್ಮ ವಿದ್ಯಾರ್ಥಿಗಳು, ಅದರಲ್ಲಿಯೂ ಗಡಿನಾಡಿನಲ್ಲಿ ತಾಯ್ನುಡಿಯ ಮೂಲಕ ಓದುತ್ತಿರುವ ನಾವು, ಗಮನಿಸಬೇಕಾದ ಸಂಗತಿಗಳು ಕೆಲವಿವೆ.

ಜನನ ಮತ್ತು ಶಿಕ್ಷಣ

ತೆರೇಸ್ ಅವರು 1846ನೆಯ ಇಸವಿ ಅಕ್ಟೋಬರ್ 10ರಂದು ಆಸ್ಟ್ರಿಯಾ ದೇಶದ ವೀನರ್ ನ್ಯೂಸ್ಟಾಟ್ ಎಂಬ ಪಟ್ಟಣದಲ್ಲಿ ಜನಿಸಿದರು. ಇದು ರಾಜಧಾನಿ ವಿಯೆನ್ನಾದ ದಕ್ಷಿಣಕ್ಕೆ ಇರುವ ಹಳೆಯ ಊರು. ಹದಿನೆಂಟನೆಯ ಶತಮಾನದಲ್ಲಿ ಆಳಿದ ಮಹಾರಾಣಿ ಮರಿಯಾ ತೆರೇಸಾ ಅಲ್ಲಿ ಸ್ಥಾಪಿಸಿದ ಸೈನಿಕ ವಿದ್ಯಾಲಯದಿಂದಾಗಿ ಆ ಊರು ಹೆಸರಾಗಿತ್ತು. ಗಂಡುಮಕ್ಕಳು ಅಲ್ಲಿ ಕತ್ತಿ ಹಿಡಿಯುವುದನ್ನು ಕಲಿಯುತ್ತಿದ್ದರೆ, ಅದೇ ಊರಿನಲ್ಲಿ ಹುಟ್ಟಿದ ಈ ಹೆಣ್ಣುಮಗಳು ಸೂಜಿ ಹಿಡಿದು ದೇಶದೇಶಗಳಲ್ಲಿ ಹೆಸರು ಪಡೆದಳು.

ಇಲ್ಲಿ ಒಂದು ಸೋಜಿಗವನ್ನು ಹೇಳಬೇಕು. ತೆರೇಸ್ ಹುಟ್ಟುವುದಕ್ಕೆ ಸರಿಯಾಗಿ ಒಂದು ತಿಂಗಳು ಮೊದಲು, ಅಂದರೆ 1846ರ ಸೆಪ್ಟೆಂಬರ್ 10ರಂದು, ಅಮೆರಿಕದಲ್ಲಿ ಇಲಿಯಾಸ್ ಹೋವ್ ಎಂಬಾತ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದನು. ಐದು ವರ್ಷಗಳಲ್ಲಿ, 1851ರಲ್ಲಿ, ಸಿಂಗರನ ಯಂತ್ರವೂ ಬಂದಿತು. ನೂಲು ತೆಗೆಯುವ ಯಂತ್ರ, ನೇಯುವ ಯಂತ್ರಗಳು ಅದಕ್ಕೂ ಮೊದಲೇ ಬಂದಿದ್ದವು. ಕಾಲುಚೀಲ ಹೆಣೆಯುವ ಯಂತ್ರವಂತೂ ಇನ್ನೂ ಹಳೆಯದು. ಹೀಗೆ, ಇನ್ನು ಮುಂದೆ ಕೈಯಿಂದ ಹೊಲಿಯುವುದು ಹೆಣೆಯುವುದು ಏಕೆ ಬೇಕು ಎಂದು ಜನ ಕೇಳತೊಡಗಿದ ಕಾಲದಲ್ಲಿಯೇ ತೆರೇಸ್ ಬೆಳೆದು ದೊಡ್ಡವರಾದರು. ಆ ಪ್ರಶ್ನೆಗೆ ಉತ್ತರ ಕೊಡುವುದೇ ಅವರ ಜೀವನದ ಕೆಲಸವಾಯಿತು.

ತೆರೇಸ್ ಕಸೂತಿಯ ಶಾಲೆಯಲ್ಲಿ ಕ್ರಮಬದ್ಧವಾದ ಶಿಕ್ಷಣ ಪಡೆದರು. ಮುಂದೆ ಸೋದರಿ ಫ್ರಾನ್ಸಿಸ್ಕಾ ಅವರೊಡನೆ ಸೇರಿ ತಾವೇ ಒಂದು ಕಸೂತಿ ಶಾಲೆಯನ್ನು ತೆರೆದರು. ಹೆಣ್ಣುಮಕ್ಕಳಿಗೆ ಮನೆಯ ಹೊರಗೆ ಗೌರವದ ಉದ್ಯೋಗಗಳು ಬಹಳ ಇಲ್ಲದಿದ್ದ ಕಾಲ ಅದು. ಇಬ್ಬರು ಸೋದರಿಯರು ತಮ್ಮ ಕೈಗಳ ವಿದ್ಯೆಯನ್ನೇ ನಂಬಿ ಶಾಲೆ ನಡೆಸಿದರೆಂಬುದು ಸಾಮಾನ್ಯವಾದ ಮಾತಲ್ಲ.

ಶಾಲೆ ನಡೆಸಿದವರಿಗೆ ಒಂದು ಸತ್ಯ ಬಹುಬೇಗ ಮನವರಿಕೆಯಾಗುತ್ತದೆ. ತನಗೆ ಬರುವುದು ಬೇರೆ, ಮತ್ತೊಬ್ಬರಿಗೆ ಬರುವಂತೆ ಮಾಡುವುದು ಬೇರೆ. ಹತ್ತು ವರ್ಷ ಹೆಣೆದ ಕೈ ಯೋಚಿಸದೆ ಹೆಣೆಯುತ್ತದೆ. ಆದರೆ ಮೊದಲ ದಿನ ಕಡ್ಡಿ ಹಿಡಿದ ಹುಡುಗಿಗೆ, ದಾರ ಯಾವ ಬೆರಳಿನ ಮೇಲೆ ಹಾದುಹೋಗಬೇಕು, ಕಡ್ಡಿಯ ತುದಿ ಕುಣಿಕೆಯೊಳಗೆ ಮುಂದಿನಿಂದ ಹೊಗಬೇಕೋ ಹಿಂದಿನಿಂದ ಹೊಗಬೇಕೋ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ಕೈಗೆ ಗೊತ್ತಿರುವುದನ್ನು ಮಾತಿಗೆ ತರುವ ಈ ಕೆಲಸ ಬಹು ಕಷ್ಟದ್ದು. ತೆರೇಸ್ ಅವರ ಮುಂದಿನ ಹಿರಿಮೆಯೆಲ್ಲ ನಿಂತಿರುವುದು ಇದರ ಮೇಲೆಯೇ.

ಮ್ಯೂಲೂಸ್ ನಗರದ ಕರೆ

1878ರಲ್ಲಿ ಪ್ಯಾರಿಸ್ ನಗರದಲ್ಲಿ ಒಂದು ಮಹಾ ಪ್ರದರ್ಶನ ನಡೆಯಿತು. ಅಲ್ಲಿ ತೆರೇಸ್ ಅವರಿಗೆ ಝಾಂ ಡಾಲ್ಫಸ್ ಎಂಬ ಹಿರಿಯ ಉದ್ಯಮಿಯ ಪರಿಚಯವಾಯಿತೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಡಾಲ್ಫಸ್ ಅವರು ಮ್ಯೂಲೂಸ್ ನಗರದ ಡಾಲ್ಫಸ್-ಮಿಯೆಗ್ ಕಂಪನಿಯ ಮುಖ್ಯಸ್ಥರು. ಇಂದಿಗೂ ಕಸೂತಿ ದಾರದ ಲಡಿಗಳ ಮೇಲೆ ಕಾಣುವ ಡಿ.ಎಂ.ಸಿ. ಎಂಬ ಮೂರು ಅಕ್ಷರಗಳು ಆ ಕಂಪನಿಯವೇ.

ಈ ಮ್ಯೂಲೂಸ್ ನಗರದ ಕಥೆಯನ್ನು ಸ್ವಲ್ಪ ಕೇಳಬೇಕು. ಏಕೆಂದರೆ ಅದಕ್ಕೂ ನಮ್ಮ ದೇಶಕ್ಕೂ ಸಂಬಂಧವಿದೆ. ಹದಿನೇಳನೆಯ ಶತಮಾನದಲ್ಲಿ ಭಾರತದಿಂದ ಹಡಗುಗಳಲ್ಲಿ ಹೋದ ಬಣ್ಣದ ಅಚ್ಚಿನ ಹತ್ತಿಬಟ್ಟೆಗಳಿಗೆ ಯೂರೋಪಿನ ಜನ ಮರುಳಾದರು. ತಮ್ಮ ದೇಶದ ನೇಕಾರರು ಕೆಟ್ಟರೆಂದು ಫ್ರಾನ್ಸಿನ ಅರಸನು 1686ರಲ್ಲಿ ಅಂತಹ ಬಟ್ಟೆಗಳನ್ನು ನಿಷೇಧಿಸಿದನು. ಆ ನಿಷೇಧ 1759ರವರೆಗೂ ಇತ್ತು. ಆದರೆ ಮ್ಯೂಲೂಸ್ ಆಗ ಫ್ರಾನ್ಸಿಗೆ ಸೇರಿರಲಿಲ್ಲ. ಅದು ಸ್ವಿಸ್ ಜನರ ಸ್ನೇಹದಲ್ಲಿದ್ದ ಒಂದು ಪುಟ್ಟ ಸ್ವತಂತ್ರ ಗಣರಾಜ್ಯ. ಅಲ್ಲಿ 1746ರಲ್ಲಿ ಭಾರತದ ಮಾದರಿಯ ಅಚ್ಚಿನ ಬಟ್ಟೆ ತಯಾರಿಸುವ ಕಾರ್ಖಾನೆ ತೆರೆಯಿತು. ಅದನ್ನು ತೆರೆದವರಲ್ಲಿ ಡಾಲ್ಫಸ್ ಮನೆತನದವರೂ ಒಬ್ಬರು. ಫ್ರೆಂಚರು ಆ ಬಟ್ಟೆಯನ್ನು ಕರೆದ ಹೆಸರಿನಲ್ಲಿಯೇ ಇಂಡಿಯಾ ಇತ್ತು. ನಮ್ಮ ಕುಶಲಿಗಳ ಕೈಯ ಕೆಲಸವನ್ನು ನೋಡಿ ಕಲಿತು ಬೆಳೆದ ಊರು ಅದು.

ಮ್ಯೂಲೂಸ್ ಗಡಿಯ ಊರು. 1798ರಲ್ಲಿ ಅದು ಫ್ರಾನ್ಸಿಗೆ ಸೇರಿತು. 1870-71ರ ಯುದ್ಧದಲ್ಲಿ ಫ್ರಾನ್ಸ್ ಸೋತಾಗ ಆಲ್ಸೇಸ್ ಪ್ರಾಂತದೊಡನೆ ಅದೂ ಜರ್ಮನಿಯ ಪಾಲಾಯಿತು. ಮೊದಲನೆಯ ಮಹಾಯುದ್ಧದ ಬಳಿಕ ಮತ್ತೆ ಫ್ರಾನ್ಸಿನ ಕೈಸೇರಿತು. 1940ರಲ್ಲಿ ಪುನಃ ಜರ್ಮನರು ಹಿಡಿದರು. ಎರಡನೆಯ ಮಹಾಯುದ್ಧದ ಕೊನೆಗೆ ಫ್ರಾನ್ಸಿಗೇ ಬಂದಿತು. ಜನರು ಮನೆ ಬದಲಿಸಲಿಲ್ಲ. ಅವರ ಮನೆಯ ಮೇಲಿನ ಬಾವುಟ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಗಡಿನಾಡಿನಲ್ಲಿ ಇರುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಝಾಂ ಡಾಲ್ಫಸ್ ಅವರೂ ಸಾಮಾನ್ಯ ವ್ಯಾಪಾರಿಯಾಗಿರಲಿಲ್ಲ. 1800ರಲ್ಲಿ ಹುಟ್ಟಿದ ಅವರು ತಮ್ಮ ನಗರಕ್ಕೆ ಮೇಯರ್ ಆಗಿದ್ದವರು. ಕೆಲಸಗಾರರು ಕಂತುಗಳಲ್ಲಿ ಹಣ ಕಟ್ಟಿ ಸ್ವಂತ ಮನೆ ಮಾಡಿಕೊಳ್ಳುವಂತೆ 1853ರಿಂದ ಒಂದು ಬಡಾವಣೆಯನ್ನೇ ಕಟ್ಟಿಸಲು ಮುಂದಾದವರು. ಜರ್ಮನಿಯ ಸಂಸತ್ತಿಗೆ ಆರಿಸಿಹೋಗಿಯೂ ತಮ್ಮ ನಾಡನ್ನು ಜರ್ಮನಿಗೆ ಸೇರಿಸಿದ್ದನ್ನು ವಿರೋಧಿಸಿದವರು. ಅವರ ಕಂಪನಿ ಆ ವೇಳೆಗೆ ಹೊಲಿಗೆ, ಹೆಣಿಗೆ, ಕಸೂತಿಗಳ ದಾರವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿತ್ತು. ದಾರ ಮಾರಾಟವಾಗಬೇಕಾದರೆ ದಾರದಿಂದ ಏನು ಮಾಡಬಹುದೆಂದು ಜನರಿಗೆ ತಿಳಿದಿರಬೇಕು. ಇದು ವ್ಯಾಪಾರದ ಲೆಕ್ಕ. ಈ ವಿದ್ಯೆ ಅಳಿಯಬಾರದು, ಎಲ್ಲರಿಗೂ ಸಿಗಬೇಕು. ಇದು ತೆರೇಸ್ ಅವರ ಹಂಬಲ. ಲೆಕ್ಕವೂ ಹಂಬಲವೂ ಒಂದೆಡೆ ಕೂಡಿದವು.

1884ರಲ್ಲಿ ತೆರೇಸ್ ತಾವು ಕಟ್ಟಿದ ಶಾಲೆಯನ್ನು ಬಿಟ್ಟು ಮ್ಯೂಲೂಸ್ ಪಕ್ಕದ ಡೋರ್ನಾಖ್ ಎಂಬ ಊರಿಗೆ ಬಂದು ನೆಲೆಸಿದರು. ಆಗ ಅವರಿಗೆ 38ನೆಯ ವರ್ಷ ನಡೆಯುತ್ತಿತ್ತು. ಅಲ್ಲಿ ಕಂಪನಿಯ ಸಹಕಾರದಿಂದ ಕಸೂತಿಯ ಶಾಲೆಯೊಂದನ್ನು ತೆರೆದು, ತಮ್ಮ ಮಹಾಗ್ರಂಥದ ಕೆಲಸವನ್ನು ಕೈಗೆತ್ತಿಕೊಂಡರು.

ಮಹಾಗ್ರಂಥ

1886ರಲ್ಲಿ ಅವರ ಗ್ರಂಥ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು. ಹೆಂಗಸರ ಕೈಗೆಲಸಗಳ ವಿಶ್ವಕೋಶ ಎಂಬ ಅರ್ಥದ ಹೆಸರು ಅದಕ್ಕೆ. ವಿಶ್ವಕೋಶವೆಂದರೆ ದಪ್ಪ ದಪ್ಪ ಸಂಪುಟಗಳು ನಮ್ಮ ಕಣ್ಣಮುಂದೆ ಬರುತ್ತವೆ. ಇದು ಹಾಗಲ್ಲ. ಪುಟಗಳು ನೂರಾರು ಇದ್ದರೂ ಆಕಾರದಲ್ಲಿ ಚಿಕ್ಕದು. ಹೊಲಿಗೆಯ ಬುಟ್ಟಿಯಲ್ಲಿ ದಾರದುಂಡೆಯ ಪಕ್ಕದಲ್ಲಿ ಇಟ್ಟುಕೊಳ್ಳುವಂತಹ ಪುಸ್ತಕ. ಕಪಾಟಿನಲ್ಲಿ ಇಡುವುದಕ್ಕಲ್ಲ, ಬಳಸುವುದಕ್ಕೆ ಮಾಡಿದ್ದೆಂಬುದು ನೋಡಿದರೇ ತಿಳಿಯುತ್ತದೆ.

ಅದರ ಅಧ್ಯಾಯಗಳ ಕ್ರಮವೂ ಒಂದು ಪಾಠದಂತಿದೆ. ಮೊದಲ ಅಧ್ಯಾಯ ಸಾದಾ ಹೊಲಿಗೆ. ಸೂಜಿ ಹೇಗಿರಬೇಕು, ಬೆರಳಿಗೆ ಹಾಕುವ ಅಂಗುಸ್ತಾನ ಹೇಗಿರಬೇಕು, ಹೊಲಿಯುವಾಗ ಹೇಗೆ ಕುಳಿತುಕೊಳ್ಳಬೇಕು ಎಂಬಲ್ಲಿಂದ ಪ್ರಾರಂಭ. ಎರಡನೆಯದು ಹರಿದ ಬಟ್ಟೆಯ ದುರಸ್ತಿ. ಸಿಂಗಾರದ ಕೆಲಸಕ್ಕೆ ಮೊದಲು ಹರಕು ಹೊಲಿಯುವುದನ್ನು ಇಟ್ಟಿರುವುದು ಗಮನಿಸತಕ್ಕದ್ದು. ಅಂದವಾದ ಹೊಸದನ್ನು ಮಾಡುವವರಿಗಿಂತ, ಹಳೆಯದನ್ನು ಗುರುತು ಕಾಣದಂತೆ ಸರಿಪಡಿಸುವವರ ಕೈಚಳಕ ಕಡಿಮೆಯದಲ್ಲ. ನಮ್ಮ ಸೀಮೆಯಲ್ಲಿ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವ ಅಜ್ಜಿಯರಿಗೆ ಈ ಮಾತು ಬೇಗ ಒಪ್ಪಿಗೆಯಾಗುತ್ತದೆ. ಆಮೇಲೆ ನೂಲು ಸೆಳೆದು ಮಾಡುವ ಜಾಳಿಗೆ ಕೆಲಸ, ಚಿನ್ನದೆಳೆಯ ಕಸೂತಿ, ಎಣಿಕೆಯ ಕಸೂತಿ, ಹೆಣಿಗೆ, ಕ್ರೋಶಾ, ಗಂಟುಗಳಿಂದ ಮಾಡುವ ಮ್ಯಾಕ್ರಮೆ, ಬಲೆ ಹೆಣೆಯುವುದು, ನಾನಾ ಬಗೆಯ ಲೇಸುಗಳು, ಹೀಗೆ ಒಂದೊಂದಾಗಿ ಬರುತ್ತವೆ.

ಗ್ರಂಥದ ದೊಡ್ಡ ಗುಣವೆಂದರೆ ಅದರ ಪ್ರಾಮಾಣಿಕತೆ. ಬೇರೆಯವರ ಪುಸ್ತಕ ನೋಡಿ ನಕಲು ಮಾಡಿ ಬರೆದದ್ದಲ್ಲ. ವಿವರಿಸಲಿರುವ ಮಾದರಿಗಳನ್ನು ತೆರೇಸ್ ತಾವೇ ಮತ್ತೊಮ್ಮೆ ಕೈಯಿಂದ ಮಾಡಿ ನೋಡಿ, ಅದು ಹೇಗಾಯಿತೆಂಬುದನ್ನು ಹಂತ ಹಂತವಾಗಿ ಬರೆದರು. ಮುನ್ನುಡಿಯಲ್ಲಿ ಅವರು ಈ ವಿಷಯವನ್ನು ತಿಳಿಸಿದ್ದಾರೆ. ಪ್ರತಿಯೊಂದು ಹೊಲಿಗೆಗೂ ಚಿತ್ರವಿದೆ. ಚಿತ್ರದಲ್ಲಿ ಸೂಜಿ ಎಲ್ಲಿ ಒಳಹೋಯಿತು, ಎಲ್ಲಿ ಹೊರಬಂದಿತು, ದಾರ ಮೇಲಿದೆಯೋ ಕೆಳಗಿದೆಯೋ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಯಾರ ನೆರವೂ ಇಲ್ಲದೆ ಒಬ್ಬಳೇ ಕುಳಿತ ಹುಡುಗಿಗೂ ಪುಸ್ತಕವೇ ಗುರುವಾಗಬೇಕೆಂಬುದು ಅವರ ಸಂಕಲ್ಪವಾಗಿತ್ತು.

ಹೆಣಿಗೆ ಮತ್ತು ಕ್ರೋಶಾ

ಹೆಣಿಗೆಯ ಅಧ್ಯಾಯವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹೆಣಿಗೆಯಲ್ಲಿ ಇರುವುದು ಒಂದೇ ದಾರ. ಮಗ್ಗದಲ್ಲಿ ಇರುವಂತೆ ಹಾಸು ಹೊಕ್ಕುಗಳಿಲ್ಲ. ಆ ಒಂದೇ ದಾರವನ್ನು ಕುಣಿಕೆ ಮಾಡಿ, ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆ ತೆಗೆದು, ಅದರೊಳಗಿಂದ ಇನ್ನೊಂದು ತೆಗೆದು ಬಟ್ಟೆಯಾಗಿಸುವುದು. ಆದುದರಿಂದಲೇ ಹೆಣೆದ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಕಾಲಿಗೆ, ಕೈಗೆ, ತಲೆಗೆ ಒಪ್ಪಿ ಕೂರುತ್ತದೆ. ಆದುದರಿಂದಲೇ ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಅದರ ಕೆಳಗಿನವೆಲ್ಲ ಸಾಲಾಗಿ ಬಿಚ್ಚಿಕೊಳ್ಳುತ್ತವೆ.

ಹೆಣಿಗೆಯ ಮೂಲಾಕ್ಷರಗಳು ಎರಡೇ: ಸೀದಾ ಮತ್ತು ಉಲ್ಟಾ. ದಾರವನ್ನು ಕಡ್ಡಿಯ ಹಿಂದೆ ಇಟ್ಟುಕೊಂಡು, ಬಲಗಡ್ಡಿಯನ್ನು ಕುಣಿಕೆಯ ಮುಂದಿನಿಂದ ತೂರಿಸಿ, ದಾರ ಸುತ್ತಿ ಈಚೆಗೆ ಎಳೆದರೆ ಸೀದಾ. ದಾರವನ್ನು ಮುಂದೆ ತಂದು, ಕಡ್ಡಿಯನ್ನು ಬಲದಿಂದ ಎಡಕ್ಕೆ ತೂರಿಸಿ, ದಾರ ಸುತ್ತಿ ಆಚೆಗೆ ತಳ್ಳಿದರೆ ಉಲ್ಟಾ. ನಿಜವಾಗಿ ನೋಡಿದರೆ ಇವೆರಡೂ ಒಂದೇ ಕುಣಿಕೆಯ ಎರಡು ಮುಖಗಳು. ಎಲ್ಲ ಸಾಲುಗಳನ್ನೂ ಸೀದಾ ಹೆಣೆದರೆ ಎರಡೂ ಕಡೆ ದಿಣ್ಣೆ ದಿಣ್ಣೆಯಾದ ದಪ್ಪ ಬಟ್ಟೆಯಾಗುತ್ತದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಮುಂದಿನ ಮುಖ ನುಣುಪಾಗುತ್ತದೆ. ಒಂದೇ ಸಾಲಿನಲ್ಲಿ ಎರಡು ಸೀದಾ, ಎರಡು ಉಲ್ಟಾ ಹೆಣೆಯುತ್ತ ಹೋದರೆ ಉದ್ದುದ್ದ ಗೆರೆಗಳೆದ್ದು, ಸ್ವೆಟರಿನ ತೋಳಿನ ತುದಿಗೆ ಬೇಕಾದ ಬಿಗಿ ಬರುತ್ತದೆ. ಎರಡು ಅಕ್ಷರಗಳಿಂದ ಎಷ್ಟು ಪದಗಳು!

ದಾರ ಹಿಡಿಯುವ ರೀತಿಯ ವಿಷಯದಲ್ಲಿಯೂ ತೆರೇಸ್ ಹಟಮಾರಿಯಾಗಿರಲಿಲ್ಲ. ಕೆಲವು ದೇಶಗಳವರು ದಾರವನ್ನು ಬಲಗೈ ಬೆರಳಿನ ಮೇಲೆ ಹಾಯಿಸುತ್ತಾರೆ. ಜರ್ಮನರು ಎಡಗೈಯ ಮೇಲೆ ಹಾಯಿಸುತ್ತಾರೆ. ಎರಡನ್ನೂ ತಿಳಿಸಿ, ಎಡಗೈಯ ರೀತಿಯಲ್ಲಿ ಕೆಲಸ ಬೇಗ ಸಾಗುತ್ತದೆಂಬುದನ್ನು ಗುರುತಿಸಿದ್ದಾರೆ. ಫ್ರೆಂಚರಿಗೂ ಜರ್ಮನರಿಗೂ ಹಗೆತನ ಹೊಗೆಯಾಡುತ್ತಿದ್ದ ಊರಿನಲ್ಲಿ ಕುಳಿತು, ಹೆಣಿಗೆಗೆ ಸಂಬಂಧಿಸಿದಂತೆ ಯಾರದು ಒಳ್ಳೆಯದೋ ಅದನ್ನು ಒಳ್ಳೆಯದೆಂದರು. ಎಣಿಕೆಯ ಕಸೂತಿಯಲ್ಲಿಯೂ ತುರ್ಕಿ, ಅಲ್ಜೀರಿಯಾ, ಮಾಂಟೆನೆಗ್ರೋ ಮೊದಲಾದ ನಾಡುಗಳ ಹೊಲಿಗೆಗಳನ್ನು ಆ ನಾಡುಗಳ ಹೆಸರಿನಿಂದಲೇ ಕರೆದು ಸೇರಿಸಿದರು.

ಕ್ರೋಶಾಕ್ಕೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ ಸಾಕು. ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಕಾದಿರುತ್ತವೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದೊಂದು ಕುಣಿಕೆಯನ್ನೂ ಆಗಿಂದಾಗಲೇ ಮುಗಿಸಿ ಮುಂದೆ ಹೋಗುತ್ತೇವೆ. ಮೊದಲ ಪಾಠ ಸರಪಳಿ. ಒಂದು ಕುಣಿಕೆ ಮಾಡಿ, ಕೊಕ್ಕೆಯಿಂದ ದಾರ ಎಳೆದು ಇನ್ನೊಂದು ಕುಣಿಕೆ, ಅದರಿಂದ ಮತ್ತೊಂದು. ಈ ಸರಪಳಿಯೇ ಅಡಿಪಾಯ. ಈ ಕೆಲಸವನ್ನು ಸಣ್ಣದೆಂದು ತಿಳಿಯಬಾರದು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೆಟ್ಟು ಭೀಕರ ಕ್ಷಾಮ ಬಂದಾಗ, ಕ್ರೋಶಾ ಲೇಸು ಹೆಣೆದು ಮಾರಿ ಎಷ್ಟೋ ಕುಟುಂಬಗಳು ಹೊಟ್ಟೆಹೊರೆದುಕೊಂಡವು. ಆಂಧ್ರದ ಗೋದಾವರಿ ತೀರದ ನರಸಾಪುರ ಪ್ರದೇಶದಲ್ಲಿಯೂ ಮನೆಯಲ್ಲಿ ಕುಳಿತು ಕ್ರೋಶಾ ಲೇಸು ಮಾಡುವ ಹೆಣ್ಣುಮಕ್ಕಳ ಪರಂಪರೆ ಹತ್ತೊಂಬತ್ತನೆಯ ಶತಮಾನದಿಂದ ಬಂದಿದೆ. ಅವರ ಕೈಯ ಲೇಸು ಸಮುದ್ರದಾಚೆಯ ಮನೆಗಳ ಮೇಜುಗಳನ್ನು ಅಲಂಕರಿಸಿತು. ಹೆಣೆದವರ ಹೆಸರು ಮಾತ್ರ ಅದರ ಸಂಗಡ ಹೋಗಲಿಲ್ಲ.

ನಮ್ಮ ಶಾಲೆಯ ಮಕ್ಕಳು ಪ್ರಯತ್ನಿಸಬಹುದಾದ ಎರಡು ಸುಲಭದ ಕೆಲಸಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು, ಮಫ್ಲರು. ದಪ್ಪ ಉಣ್ಣೆ, ಅದಕ್ಕೆ ಒಪ್ಪುವ ಎರಡು ಕಡ್ಡಿಗಳು. 40 ಕುಣಿಕೆ ಹಾಕಿಕೊಂಡು, ಪ್ರತಿ ಸಾಲಿನಲ್ಲಿಯೂ ಎರಡು ಸೀದಾ, ಎರಡು ಉಲ್ಟಾ ಎಂದು ಹೆಣೆಯುತ್ತ ಹೋಗಬೇಕು. 40 ಎಂಬುದು 4ರಿಂದ ಭಾಗವಾಗುವ ಸಂಖ್ಯೆಯಾದುದರಿಂದ ಸಾಲು ಯಾವಾಗಲೂ ಎರಡು ಉಲ್ಟಾದಿಂದ ಮುಗಿಯುತ್ತದೆ. ತಿರುಗಿಸಿ ಹಿಡಿದರೆ ಅವೇ ಎರಡು ಸೀದಾ ಆಗಿ ಕಾಣುತ್ತವೆ, ಗೆರೆ ತಪ್ಪುವುದಿಲ್ಲ. ಪ್ರತಿ ಸಾಲಿನ ಕೊನೆಗೆ ಕುಣಿಕೆ ಎಣಿಸುವುದನ್ನು ಮರೆಯಬಾರದು. 39 ಬಂದರೆ ಒಂದು ಜಾರಿದೆ, ಹುಡುಕಿ ಎತ್ತಿಕೊಳ್ಳಬೇಕು. ಎರಡು, ನೀರಿನ ತಂಬಿಗೆಯ ಕೆಳಗೆ ಇಡುವ ಚೌಕ ಆಸನ. ಹತ್ತಿಯ ದಪ್ಪ ದಾರದಿಂದ ಕ್ರೋಶಾ ಕಡ್ಡಿಯಲ್ಲಿ 20 ಸರಪಳಿ ಹಾಕಿ, ತಿರುಗುವುದಕ್ಕಾಗಿ ಒಂದು ಸರಪಳಿ ಹೆಚ್ಚಿಗೆ ತೆಗೆದು, ಮೊದಲಿನ 20ರಲ್ಲಿ ಒಂದೊಂದರಲ್ಲಿಯೂ ಕೊಕ್ಕೆ ತೂರಿಸಿ ದಾರ ಎಳೆಯಬೇಕು. ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೆ ದಾರ ಹಿಡಿದು ಎರಡರಿಂದಲೂ ಒಟ್ಟಿಗೆ ಎಳೆದರೆ ಒಂದು ಹೆಣಿಗೆ ಮುಗಿಯಿತು. ಪ್ರತಿ ಸಾಲಿನ ಕೊನೆಯಲ್ಲಿ ಹೀಗೆಯೇ ಒಂದು ಸರಪಳಿ ತೆಗೆದು ತಿರುಗುತ್ತ, ಉದ್ದವೂ ಅಗಲವೂ ಸಮವಾಗುವವರೆಗೆ ಮುಂದುವರಿಸಿದರೆ ಆಸನ ಸಿದ್ಧ. ಗಂಡುಮಕ್ಕಳು ಇದು ನಮ್ಮ ಕೆಲಸವಲ್ಲವೆಂದು ಪಕ್ಕಕ್ಕೆ ಸರಿಯಬೇಕಾಗಿಲ್ಲ. ಹಿಂದೆ ಯೂರೋಪಿನ ನಗರಗಳಲ್ಲಿ ಹೆಣಿಗೆಯ ಕಸುಬಿನ ಸಂಘಗಳಲ್ಲಿದ್ದವರು ಗಂಡಸರೇ.

ಕೀರ್ತಿ ಮತ್ತು ಅಂತ್ಯ

ತೆರೇಸ್ ಅವರ ಗ್ರಂಥ ಬಲುಬೇಗ ಹೆಸರಾಯಿತು. ಫ್ರೆಂಚಿನಿಂದ ಜರ್ಮನ್, ಇಂಗ್ಲಿಷ್ ಭಾಷೆಗಳಿಗೂ, ಕಾಲಕ್ರಮದಲ್ಲಿ ಒಟ್ಟು 17 ಭಾಷೆಗಳಿಗೂ ಅದು ಹೋಯಿತು. ಯೂರೋಪಿನ ರಾಜಧಾನಿಗಳಲ್ಲಿ ಅವರ ಹೆಸರಿನ ಕಸೂತಿ ಅಂಗಡಿಗಳು ತೆರೆದವು. ಶಾಲೆ ನಡೆಸುತ್ತಿದ್ದ ಹೆಣ್ಣುಮಗಳು ಗ್ರಂಥಕರ್ತೆಯೂ ವ್ಯಾಪಾರದ ಒಡತಿಯೂ ಆದರು.

ಆದರೆ ಈ ಫಲವನ್ನು ಅನುಭವಿಸುವಷ್ಟು ಆಯುಸ್ಸು ಅವರಿಗೆ ಇರಲಿಲ್ಲ. ಬೆಂಬಲವಾಗಿ ನಿಂತಿದ್ದ ಝಾಂ ಡಾಲ್ಫಸ್ 1887ರಲ್ಲಿ ತೀರಿಕೊಂಡರು. 1889ರಲ್ಲಿ ತೆರೇಸ್ ವಿಯೆನ್ನಾದ ವರ್ತಕರೊಬ್ಬರನ್ನು ಮದುವೆಯಾದರು. ಮರುವರ್ಷ, 1890ನೆಯ ಇಸವಿ ಮೇ 22ರಂದು, ಜರ್ಮನಿಯ ಬಾಡೆನ್-ಬಾಡೆನ್ ಎಂಬಲ್ಲಿ ಅವರು ನಿಧನರಾದರು. ಗ್ರಂಥ ಪ್ರಕಟವಾಗಿ ಕೇವಲ ನಾಲ್ಕು ವರ್ಷಗಳಾಗಿದ್ದವು.

ಅವರು ಹೋದರೂ ಹೆಸರು ಹೋಗಲಿಲ್ಲ. ಡಿ.ಎಂ.ಸಿ. ಕಂಪನಿ ಅವರ ತರುವಾಯ ದಶಕಗಳವರೆಗೆ ಹೆಣಿಗೆ, ಕ್ರೋಶಾ, ಕಸೂತಿಗಳ ಮಾದರಿ ಪುಸ್ತಕಗಳನ್ನು ಅವರ ಹೆಸರಿನಲ್ಲಿಯೇ ಹೊರತರುತ್ತ ಬಂದಿತು. ಇಲ್ಲಿ ಒಂದು ವಿಷಾದವೂ ಇದೆ. ಹೆಸರು ವ್ಯಾಪಾರದ ಗುರುತಾದಾಗ ಹೆಸರಿನ ಮನುಷ್ಯರು ಮರೆಯಾಗುತ್ತಾರೆ. ಅವರ ಪುಸ್ತಕದಲ್ಲಿ ಯಾವ ಕೆಲಸಕ್ಕೆ ಕಂಪನಿಯ ಯಾವ ನಂಬರಿನ ದಾರ ಬೇಕೆಂಬುದು ಉದ್ದಕ್ಕೂ ಇದೆ. ಬರೆದವರ ಸುಖದುಃಖಗಳ ಮಾತು ಇಲ್ಲ. ಸಾವಿರಾರು ಮಂದಿಗೆ ಕುಣಿಕೆ ಹಾಕುವುದನ್ನು ಕಲಿಸಿದ ಗುರುವಿನ ಬಗ್ಗೆ ಶಿಷ್ಯರಿಗೆ ತಿಳಿದದ್ದು ಮುಖಪುಟದ ಹೆಸರು ಮಾತ್ರ. ದಾರ ಮಾರುವ ಉದ್ದೇಶವೂ ಪುಸ್ತಕಕ್ಕೆ ಇತ್ತೆಂಬುದು ಸುಳ್ಳಲ್ಲ. ಆದರೆ ದಾರ ಕೊಳ್ಳದವರಿಗೂ ಅದರ ವಿದ್ಯೆ ಸಿಕ್ಕಿತು. ಅವರ ಗ್ರಂಥ ಇಂದಿಗೂ ಮರುಮುದ್ರಣವಾಗಿ ಓದಿಸಿಕೊಳ್ಳುತ್ತಿರುವುದು ಅದರ ಜಾಹೀರಾತಿನಿಂದಲ್ಲ, ಅದರ ಸತ್ಯದಿಂದ.

ನಾವು ಕಲಿಯಬೇಕಾದುದು

ಯಂತ್ರ ಬಂದ ಮೇಲೆ ಕೈ ಏಕೆ ಎಂಬ ಪ್ರಶ್ನೆಗೆ ತೆರೇಸ್ ವಾದದಿಂದ ಉತ್ತರ ಕೊಡಲಿಲ್ಲ. ಕೈಗೆ ಎಷ್ಟೆಲ್ಲ ಗೊತ್ತಿದೆ ಎಂಬುದನ್ನು ಪಟ್ಟಿಮಾಡಿ, ಚಿತ್ರಬರೆಸಿ, ಲೋಕದ ಮುಂದಿಟ್ಟರು. ಅಷ್ಟರಿಂದಲೇ ಅದು ಹೆಂಗಸರ ಹೊತ್ತುಕಳೆಯುವ ಹವ್ಯಾಸವಲ್ಲ, ಶಾಸ್ತ್ರವೆಂದು ಸಿದ್ಧವಾಯಿತು.

ಈಗ ನಮ್ಮ ಕಡೆಗೆ ನೋಡೋಣ. ಧಾರವಾಡ, ಹುಬ್ಬಳ್ಳಿಯ ಸೀಮೆಯಲ್ಲಿ ಬೆಳೆದ ಕಸೂತಿ ನಮ್ಮ ಹೆಣ್ಣುಮಕ್ಕಳದೇ ವಿದ್ಯೆ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಬಟ್ಟೆಯ ಎಳೆ ಎಣಿಸಿ ಮೂಡಿಸುವುದು ಅದರ ರೀತಿ. ಮೊದಲೇ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ. ಅದರಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳು. ಗವಂತಿಯಲ್ಲಿ ಸೂಜಿ ಒಂದು ಸಲ ಹೋಗುತ್ತ ಅರ್ಧ ಗೆರೆಯನ್ನು ಹೊಲಿದು, ಅದೇ ದಾರಿಯಲ್ಲಿ ಮರಳುತ್ತ ಉಳಿದ ಅರ್ಧವನ್ನು ತುಂಬುತ್ತದೆ. ಬಟ್ಟೆಯ ಎರಡು ಮುಖಗಳೂ ಒಂದೇ ತೆರನಾಗಿ ಕಾಣುತ್ತವೆ. ಯೂರೋಪಿನವರೂ ಇದೇ ಹೊಲಿಗೆಯನ್ನು ಬಲ್ಲರು. ಅದನ್ನು ಚಿತ್ರಕಾರ ಹೋಲ್ಬೈನನ ಹೆಸರಿನಿಂದ ಕರೆಯುತ್ತಾರೆ. ಆ ಚಿತ್ರಕಾರನು ಬಿಡಿಸಿದ ಉಡುಪುಗಳ ಅಂಚಿನಲ್ಲಿ ಆ ಹೊಲಿಗೆ ಕಾಣುವುದರಿಂದ ಆ ಹೆಸರು ಬಂದಿತು. ನಮ್ಮ ಅಜ್ಜಿಯರ ಗವಂತಿಗೆ ಯಾವ ಚಿತ್ರಕಾರನ ಹೆಸರೂ ಇಲ್ಲ. ಮೆಂತೆ ಕಾಳನ್ನು ಕಂಡ ಕಣ್ಣು ಆ ಹೊಲಿಗೆಗೆ ಮೆಂತೆ ಎಂದಿತು. ಹೆಸರು ಕೊಟ್ಟದ್ದು ಅಡಿಗೆಮನೆ.

ಕೌದಿಯಾಗಲಿ, ಕಸೂತಿಯಾಗಲಿ, ಬಾಗಿಲ ತೋರಣದ ಮಣಿ ಪೋಣಿಸುವ ಕೆಲಸವಾಗಲಿ, ನಿಮ್ಮ ನಿಮ್ಮ ಮನೆಗಳಲ್ಲಿ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಲ್ಲಿ ಅನೇಕರಿಗೆ ಓದುಬರಹ ಬರಲಿಕ್ಕಿಲ್ಲ. ನಿಮಗೆ ಬರುತ್ತದೆ. ಅವರ ಹತ್ತಿರ ಕುಳಿತು, ಮೊದಲು ನಿಮ್ಮ ಕೈಯಿಂದ ಆ ಕೆಲಸವನ್ನು ಮಾಡಿ ನೋಡಿರಿ. ಆಮೇಲೆ ಅದನ್ನು ಹಂತ ಹಂತವಾಗಿ ಕನ್ನಡದಲ್ಲಿ ಬರೆಯಿರಿ. ಪಕ್ಕದಲ್ಲಿ ಚಿತ್ರ ಬಿಡಿಸಿರಿ. ಅವರು ಯಾವ ಹೊಲಿಗೆಗೆ ಏನೆಂದು ಕರೆಯುತ್ತಾರೋ ಆ ಮಾತನ್ನೇ ಬರೆಯಿರಿ. ಪಾಠಪುಸ್ತಕದ ಮಾತನ್ನು ಹುಡುಕಬೇಡಿರಿ. ಮನೆಮಾತಿನ ಆ ಶಬ್ದಗಳು ಯಾವ ನಿಘಂಟಿನಲ್ಲಿಯೂ ಸಿಗದಿರಬಹುದು. ಗಡಿಯಾಚೆಗೆ ಉಳಿದ ನಮ್ಮ ಊರುಗಳಲ್ಲಿ ಒಂದು ಕೆಲಸ ನಿಂತರೆ ಅದರ ಸಂಗಡ ಹತ್ತು ಕನ್ನಡ ಶಬ್ದಗಳೂ ನಿಲ್ಲುತ್ತವೆ. ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ತೆರೇಸ್ ಅವರ ಉದ್ದೇಶವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು: ಆ ಕೆಲಸವನ್ನು ಎಂದೂ ಮಾಡದ ಗೆಳತಿಯ ಕೈಗೆ ಕಾಗದವನ್ನು ಕೊಟ್ಟು, ನೀವು ಬಾಯಿ ತೆರೆಯದೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅವಳ ಕೈ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ನಿಮ್ಮ ಬರಹದ ಕುಣಿಕೆ ಜಾರಿದೆ, ಅಲ್ಲಿಂದ ಎತ್ತಿಕೊಳ್ಳಿರಿ.